ರೈಲು ಬರಲು ಇನ್ನು 40 ನಿಮಿಷ

ಸ್ಪೇನಿನ ಎಬ್ರೊ ನದಿಯ ಕಣಿವೆ. ಎರಡು ಸಾಲು ಹಳಿಗಳ ನಡುವೆ ಒಂದು ಜಂಕ್ಷನ್, ಅಲ್ಲೊಂದು ಬಾರು, ಬಾಗಿಲಿಗೆ ನೊಣ ಬಾರದಂತೆ ಇಳಿಬಿಟ್ಟ ಬಿದಿರಿನ ಮಣಿಗಳ ಪರದೆ. ಉರಿಬಿಸಿಲು. ಬಾರ್ಸಿಲೋನಾ ಕಡೆಯಿಂದ ಬರುವ ಎಕ್ಸ್‌ಪ್ರೆಸ್ಸಿಗೆ ಇನ್ನು 40 ನಿಮಿಷ. ಬಂದರೂ ಎರಡೇ ನಿಮಿಷ ನಿಂತು ಮ್ಯಾಡ್ರಿಡ್ಡಿಗೆ ಹೊರಟುಬಿಡುತ್ತದೆ. ಹೊರಗೆ ನೆರಳಿನಲ್ಲಿ ಹಾಕಿದ ಮೇಜಿನ ಮುಂದೆ ಒಬ್ಬ ಅಮೆರಿಕದ ಗಂಡಸು, ಅವನ ಜೊತೆ ಒಬ್ಬ ಹುಡುಗಿ. ಬಿಯರ್ ತರಿಸುತ್ತಾರೆ, ಕುಡಿಯುತ್ತಾರೆ, ಮಾತಾಡುತ್ತಾರೆ. ರೈಲು ಬರುವ ಮೊದಲೇ ಕಥೆ ಮುಗಿದುಹೋಗುತ್ತದೆ.

ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇ 1927ರಲ್ಲಿ ಪ್ರಕಟಿಸಿದ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ (ಬಿಳಿಯಾನೆಗಳಂಥ ಗುಡ್ಡಗಳು) ಕಥೆಯಲ್ಲಿ ಹೊರಗೆ ಕಾಣುವುದು ಇಷ್ಟೇ. ಹುಡುಗಿ ಬಸುರಿ. ಗಂಡಸಿಗೆ ಅದು ಬೇಡ. ಅವಳಿಗೆ ಬೇಕೋ ಬೇಡವೋ ಎಂಬುದು ಅವಳ ಬಾಯಿಂದ ನೇರವಾಗಿ ಬರುವುದಿಲ್ಲ. ಗರ್ಭಪಾತ ಎಂಬ ಪದವಾಗಲಿ, ಮಗು ಎಂಬ ಪದವಾಗಲಿ ಕಥೆಯಲ್ಲಿ ಒಂದು ಸಲವೂ ಇಲ್ಲ. ಮೊದಲ ಓದಿನಲ್ಲಿ ಅರ್ಧ ಜನರಿಗೆ ‘ಇವರು ಯಾವ ಆಪರೇಷನ್ ಬಗ್ಗೆ ಮಾತಾಡುತ್ತಿದ್ದಾರೆ’ ಎಂಬುದೇ ಹೊಳೆಯುವುದಿಲ್ಲ. ಹೊಳೆಯದಿದ್ದರೆ ನಾಚಿಕೆ ಬೇಕಿಲ್ಲ. ಕಥೆ ಕಟ್ಟಿರುವುದೇ ಹಾಗೆ.

ಕಾಲೇಜಿನ ಗೈಡುಗಳಲ್ಲಿ ಈ ಕಥೆಗೆ ಒಂದು ಪಟ್ಟಿ ಸಿಗುತ್ತದೆ. ಗುಡ್ಡ ಎಂದರೆ ತುಂಬಿದ ಹೊಟ್ಟೆ, ಬಿಳಿಯಾನೆ ಎಂದರೆ ಬೇಡದ ಮಗು, ಮಣಿ ಎಂದರೆ ಜಪಮಾಲೆ, ಒಣಗಿದ ನೆಲ ಎಂದರೆ ಬಂಜೆತನ. ಪರೀಕ್ಷೆಗೆ ಸಾಕು. ಆದರೆ ಹೀಗೆ ಓದಿದಾಗ ಕಥೆ ಒಗಟಾಗುತ್ತದೆ, ಬಿಡಿಸಿದ ಮೇಲೆ ಬಿಸಾಡುವ ಒಗಟು. ಇಲ್ಲಿನ ವಸ್ತುಗಳೆಲ್ಲ ಮೊದಲು ವಸ್ತುಗಳೇ. ಪರದೆ ನೊಣ ತಡೆಯುತ್ತದೆ, ಬಿಯರ್ ಬಾಯಾರಿಕೆ ತಣಿಸುತ್ತದೆ, ಗುಡ್ಡ ಕಣ್ಣೆದುರಿಗಿದೆ. ಇಬ್ಬರು ಜಗಳಗಂಟರು ಅವನ್ನು ಕೈಗೆತ್ತಿಕೊಂಡು ಒಬ್ಬರ ಮೇಲೊಬ್ಬರು ಪ್ರಯೋಗಿಸಲು ಶುರುಮಾಡಿದ ಮೇಲಷ್ಟೇ ಅವಕ್ಕೆ ಬೇರೆ ಅರ್ಥ ಹತ್ತಿಕೊಳ್ಳುವುದು. ಅದೂ ಒಂದೇ ಅರ್ಥ ಕೊನೆತನಕ ನಿಲ್ಲುವುದಿಲ್ಲ.

ಮೊದಲು ಲೆಕ್ಕ. ಶುರುವಿನಲ್ಲಿ ರೈಲಿಗೆ 40 ನಿಮಿಷ. ಕೊನೆಯ ಭಾಗದಲ್ಲಿ ಬಾರಿನ ಹೆಂಗಸು ಬಂದು ಇನ್ನೈದು ನಿಮಿಷ ಎನ್ನುತ್ತಾಳೆ. ನಡುವೆ 35 ನಿಮಿಷ ಕಳೆದಿರಬೇಕು. ಕಥೆಯಲ್ಲಿರುವುದು ಸುಮಾರು ಒಂದೂವರೆ ಸಾವಿರ ಪದ. ನಿಧಾನವಾಗಿ ಗಟ್ಟಿಯಾಗಿ ಓದಿದರೂ ಹತ್ತು ನಿಮಿಷದ ಮೇಲೆ ಹೆಚ್ಚು ಹಿಡಿಯುವುದಿಲ್ಲ. ಉಳಿದ ಸಮಯ ಎಲ್ಲಿ ಹೋಯಿತು? ಸಾಲುಗಳ ನಡುವಿನ ಮೌನದಲ್ಲಿ. ಹೆಮಿಂಗ್ವೇ ‘ಅವರು ಬಹಳ ಹೊತ್ತು ಸುಮ್ಮನಿದ್ದರು’ ಎಂದು ಬರೆಯುವುದಿಲ್ಲ. ಹುಡುಗಿ ಮೇಜಿನ ಕಾಲು ಊರಿದ ನೆಲ ನೋಡಿದಳು ಎಂದು ಬರೆಯುತ್ತಾನೆ. ಈ ಕಥೆಯನ್ನು ಗಟ್ಟಿಯಾಗಿ ಓದುವವರು ಅಂಥ ಸಾಲು ಬಂದಲ್ಲೆಲ್ಲ ಎರಡು ಉಸಿರು ನಿಂತು ಮುಂದೆ ಹೋಗಬೇಕು. ಗಡಿಬಿಡಿಯಲ್ಲಿ ಓದಿದರೆ ಬರೀ ಪಿರಿಪಿರಿ ಮಾತಿನ ಹಾಗೆ ಕೇಳಿಸುತ್ತದೆ.

ಇನ್ನು ಜಾಗ. ನಿಲ್ದಾಣದ ಒಂದು ಪಕ್ಕಕ್ಕೆ ಮರವಿಲ್ಲ, ನೆರಳಿಲ್ಲ. ಕಂದು ಬಣ್ಣದ ಒಣ ನೆಲ, ಅದರಾಚೆ ಬಿಸಿಲಿಗೆ ಬೆಳ್ಳಗೆ ಕಾಣುವ ಉದ್ದನೆಯ ಗುಡ್ಡಗಳು. ಇನ್ನೊಂದು ಪಕ್ಕಕ್ಕೆ ಕಾಳಿನ ಹೊಲ, ನದಿಯ ದಂಡೆಯುದ್ದಕ್ಕೂ ಮರ, ದೂರದಲ್ಲಿ ಬೆಟ್ಟ. ಇಬ್ಬರೂ ಕೂತಿರುವುದು ಒಣ ಪಕ್ಕದಲ್ಲಿ. ಯಾಕೆಂದರೆ ಕಟ್ಟಡದ ನೆರಳು ಬಿದ್ದಿರುವುದು ಆ ಕಡೆ. ಬಾಗಿಲೂ ಅಲ್ಲೇ ಇದೆ. ಪೈರಿನ ಪಕ್ಕಕ್ಕೆ ಹೋಗಬೇಕಾದರೆ ಬಿಸಿಲಿಗೆ ಇಳಿಯಬೇಕು. ಮಾತು ಕೆಟ್ಟ ಮೇಲೆ ಹುಡುಗಿ ಎದ್ದು ನಿಲ್ದಾಣದ ತುದಿಗೆ ನಡೆಯುತ್ತಾಳೆ. ಹೊಲದ ಮೇಲೆ ಮೋಡದ ನೆರಳು ಹಾಯುವುದನ್ನು, ಮರಗಳ ಸಂದಿಯಲ್ಲಿ ನದಿಯನ್ನು ಕಾಣುತ್ತಾಳೆ. ಇದೆಲ್ಲ ನಮ್ಮದಾಗಬಹುದಿತ್ತು ಎಂಬರ್ಥದ ಮಾತಾಡುತ್ತಾಳೆ. ಗಂಡಸು ಏನು ಮಾಡುತ್ತಾನೆ? ನೆರಳಿಗೆ ಬಾ ಎಂದು ಕರೆಯುತ್ತಾನೆ. ಕಾಳಜಿಯ ಮಾತು, ಬಿಸಿಲಲ್ಲಿ ನಿಂತವಳನ್ನು ಯಾರಾದರೂ ಹಾಗೇ ಕರೆಯುತ್ತಾರೆ. ಆದರೆ ಆ ನೆರಳಿರುವುದು ಒಣ ಪಕ್ಕದಲ್ಲಿ. ಕಾಳಜಿಯೇ ಅವಳನ್ನು ಹೊಲದಿಂದ ಈಚೆಗೆ ಎಳೆಯುವ ಹಗ್ಗ. ನೆಲದ ನಕ್ಷೆ ಗೊತ್ತಿಲ್ಲದಿದ್ದರೆ ಈ ಸಾಲು ಸಪ್ಪೆ. ಕಾಗದದ ಮೇಲೆ ಎರಡು ಗೆರೆ ಎಳೆದು, ನಡುವೆ ಒಂದು ಚೌಕ ಹಾಕಿ, ಯಾವ ಕಡೆ ಏನಿದೆ ಎಂದು ಬರೆದುಕೊಂಡು ಮತ್ತೆ ಓದಿ ನೋಡಿ. ಎರಡು ನಿಮಿಷದ ಕೆಲಸ, ಕಥೆ ಬೇರೆಯೇ ಕಾಣುತ್ತದೆ.

ಭಾಷೆಯ ವಿಷಯ ಅನೇಕರ ಕಣ್ಣು ತಪ್ಪುತ್ತದೆ. ಹುಡುಗಿಗೆ ಸ್ಪ್ಯಾನಿಷ್ ಬಾರದು. ಬಿಯರ್ ಹೇಳುವವನು ಅವನು. ಪರದೆಯ ಮೇಲೆ ಬಣ್ಣದಲ್ಲಿ ಬರೆದದ್ದೇನು ಎಂದು ಅವಳು ಕೇಳುತ್ತಾಳೆ; ಅದೊಂದು ಪಾನೀಯ, ‘ಅನಿಸ್ ದೆಲ್ ತೋರೊ’ ಎನ್ನುತ್ತಾನೆ. ನೀರು ಬೆರೆಸಿ ಕುಡಿದರೆ ಚೆನ್ನಾಗಿರುತ್ತದಾ ಎಂದು ಅವನನ್ನೇ ಕೇಳುತ್ತಾಳೆ. ಕೊನೆಗೆ ರೈಲಿನ ಸುದ್ದಿ ಬಂದಾಗಲೂ ಆ ಹೆಂಗಸು ಏನಂದಳು ಎಂದು ಇವನಿಂದಲೇ ತಿಳಿಯಬೇಕು. ಸುತ್ತಲಿನ ಪ್ರಪಂಚ ಅವಳಿಗೆ ತಲುಪುವುದು ಅವನ ಬಾಯಿಂದ. ಆಪರೇಷನ್ನಿನ ವಿಷಯದಲ್ಲೂ ಅಷ್ಟೇ: ಬಲು ಸುಲಭ, ಸ್ವಲ್ಪ ಗಾಳಿ ಒಳಗೆ ಬಿಡುತ್ತಾರೆ ಅಷ್ಟೇ, ಮಾಡಿಸಿಕೊಂಡವರು ಎಷ್ಟೋ ಜನ ನನಗೆ ಗೊತ್ತು ಎನ್ನುತ್ತಾನೆ. ಬಿಯರ್ ಹೇಳಿದ ಅದೇ ಸಲೀಸು ದನಿ. ಅಂದಹಾಗೆ ಗರ್ಭಕೋಶಕ್ಕೆ ಗಾಳಿ ಹೊಕ್ಕು ರಕ್ತನಾಳ ಸೇರಿದರೆ ಜೀವವೇ ಹೋಗಬಹುದು. ಕಳ್ಳ ಗರ್ಭಪಾತಗಳಲ್ಲಿ ಹೆಂಗಸರು ಸತ್ತ ಬಗೆಗಳಲ್ಲಿ ಅದೂ ಒಂದು. ಆ ಮಾತಿಗೆ ಸ್ವಲ್ಪ ಮುಂಚೆ ಬೆಚ್ಚನೆಯ ಗಾಳಿ ಮಣಿಪರದೆಯನ್ನು ಮೇಜಿಗೆ ತಗುಲಿಸಿರುತ್ತದೆ. ಹೆಮಿಂಗ್ವೇ ಎರಡನ್ನೂ ಜೋಡಿಸುವುದಿಲ್ಲ, ಹತ್ತಿರ ಹತ್ತಿರ ಇಟ್ಟು ಸುಮ್ಮನಾಗುತ್ತಾನೆ.

ಅವಳು ಪರದೆಯ ಎರಡು ಮಣಿಸರ ಕೈಯಲ್ಲಿ ಹಿಡಿಯುವ ಜಾಗ ಬರುತ್ತದೆ. ಜಪಮಾಲೆ ಎಂದು ಬರೆದವರುಂಟು. ಎರಡು ಸರ, ಎರಡು ಜೀವ ಎಂದವರೂ ಇರಬಹುದು. ನನಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ. ಎದುರಿಗಿದ್ದವನು ಆಮೇಲೆ ನಾವು ಮೊದಲಿನ ಹಾಗೇ ಇರುತ್ತೇವೆ ಎಂದು ಹೇಳುತ್ತಿರುವಾಗ ಕೈಗೆ ಏನಾದರೂ ಹಿಡಿಯಲು ಬೇಕಾಗುತ್ತದೆ. ಸೀರೆಯ ಸೆರಗಿನ ತುದಿ ಸುತ್ತುವ ಕೈಯನ್ನು ನಾವು ಕಂಡಿಲ್ಲವೇ? ಮೊದಲು ಅದು ಹಿಡಿತ. ಭಕ್ತಿ ಇದ್ದರೆ ಆಮೇಲೆ.

ಈಗ ಆನೆಗಳಿಗೆ ಬರೋಣ. ಬಿಳಿಯಾನೆಯ ಮಾತು ಸಂಭಾಷಣೆಯಲ್ಲಿ ನಾಲ್ಕು ಸಲ ಬರುತ್ತದೆ, ನಾಲ್ಕೂ ಸಲ ಅವಳ ಬಾಯಲ್ಲೇ. ಮೊದಲ ಸಲ ತಮಾಷೆ: ಆ ಗುಡ್ಡ ಬಿಳಿಯಾನೆಗಳ ಹಾಗಿವೆ. ಅವನು ‘ನಾನು ನೋಡಿಯೇ ಇಲ್ಲ’ ಎಂದು ಬಾಗಿಲು ಹಾಕುತ್ತಾನೆ. ‘ನೀನೆಲ್ಲಿ ನೋಡಿರ್ತೀಯ’ ಎಂದು ಅವಳು ಚುಚ್ಚುತ್ತಾಳೆ. ನೋಡಿರಲೂಬಹುದು, ನೀನು ಹೇಳಿದರೆ ಸಾಬೀತಾಗಲ್ಲ ಎನ್ನುತ್ತಾನೆ. ಉಪಮೆಗೆ ಸಾಕ್ಷಿ ಕೇಳುವ ಗಂಡಸು! ಅವನ ಸ್ವಭಾವ ಗೊತ್ತಾಗಲು ಇಷ್ಟು ಸಾಕು. ಎರಡನೆಯ ಸಲ ಅವಳು ತನ್ನ ಮಾತಿಗೆ ಮೆಚ್ಚುಗೆ ಬೇಡುತ್ತಾಳೆ, ನಾನು ಹಾಗಂದದ್ದು ಚೆನ್ನಾಗಿತ್ತಲ್ಲವಾ ಎಂದು. ಚೆನ್ನಾಗಿತ್ತು ಎಂಬ ಒಣ ಉತ್ತರ ಬರುತ್ತದೆ. ಮೂರನೆಯ ಸಲ ಹಿಂತೆಗೆದುಕೊಳ್ಳುತ್ತಾಳೆ: ನಿಜವಾಗಿ ಹಾಗೇನೂ ಕಾಣುವುದಿಲ್ಲ, ಮೈಬಣ್ಣಕ್ಕೆ ಹಾಗಂದೆ. ನಾಲ್ಕನೆಯದು ಎದೆ ಹಿಂಡುವಂಥದು. ನಾನು ‘ಅದನ್ನು’ ಮಾಡಿಸಿಕೊಂಡರೆ, ಆಮೇಲೆ ಏನೋ ಬಿಳಿಯಾನೆಯ ಹಾಗಿದೆ ಎಂದು ನಾನು ಹೇಳಿದಾಗ ನಿನಗೆ ಇಷ್ಟವಾಗುತ್ತದಾ? ತನ್ನ ಕಲ್ಪನೆ, ತನ್ನ ತುಂಟತನ ಅವನಿಗೆ ಮತ್ತೆ ಹಿಡಿಸಲು ಎಷ್ಟು ಬೆಲೆ ತೆರಬೇಕು ಎಂದು ಕೇಳುತ್ತಿದ್ದಾಳೆ. ಬಿಳಿಯಾನೆ ಎಂದರೆ ಮಗು ಎಂದು ಮೊದಲೇ ಗುರುತು ಹಾಕಿಕೊಂಡವರಿಗೆ ಇದು ಕೇಳಿಸದು. ಇಷ್ಟು ಹೊತ್ತಿಗೆ ಆ ಮಾತು ಅವರಿಬ್ಬರ ಹಿಂದಿನ ಸುಖದ ಗುರುತಾಗಿಬಿಟ್ಟಿದೆ.

ಇಂಗ್ಲಿಷಿನವರಿಗೆ ಬಿಳಿಯಾನೆ ಎಂದರೆ ಬಿಡಲೂ ಆಗದ ಸಾಕಲೂ ಆಗದ ದುಬಾರಿ ಹೊರೆ. ಸಯಾಮಿನ ದೊರೆ ತನಗಾಗದ ಆಸ್ಥಾನಿಕನಿಗೆ ಬಿಳಿಯಾನೆ ಕೊಟ್ಟು, ಸಾಕುವ ಖರ್ಚಿನಲ್ಲೇ ಅವನನ್ನು ಮುಳುಗಿಸುತ್ತಿದ್ದ ಎಂಬ ದಂತಕಥೆ ಅದರ ಹಿಂದಿದೆ. ಕನ್ನಡ ಪತ್ರಿಕೆಗಳೂ ನಷ್ಟದ ಸರ್ಕಾರಿ ಯೋಜನೆಗಳನ್ನು ‘ಬಿಳಿಯಾನೆ’ ಎಂದು ಬೈಯುವುದುಂಟು. ಆ ಪ್ರಯೋಗ ಇಂಗ್ಲಿಷಿನ ಕೈಹಿಡಿದು ಬಂದದ್ದು. ನಮ್ಮೊಳಗಿನ ಬಿಳಿಯಾನೆ ಬೇರೆ. ಅದು ಐರಾವತ, ಇಂದ್ರನ ವಾಹನ. ಬುದ್ಧನನ್ನು ಹೊತ್ತ ರಾತ್ರಿ ಮಾಯಾದೇವಿಯ ಕನಸಿನಲ್ಲಿ ಬಿಳಿಯಾನೆ ಅವಳ ಪಕ್ಕೆ ಹೊಕ್ಕಿತು. ದಿಗಂಬರ ಜೈನ ಪರಂಪರೆಯಲ್ಲಿ ತೀರ್ಥಂಕರನ ತಾಯಿ ಕಾಣುವ 16 ಕನಸುಗಳಲ್ಲಿ ಮೊದಲನೆಯದೇ ಆನೆ. ಪಂಪನ ಆದಿಪುರಾಣದ ಮೂಲಕ ಕನ್ನಡಕ್ಕೆ ಬಂದ ಮರುದೇವಿ ಅಂಥ ತಾಯಿ. ಅಂದರೆ ಬಸುರಿಯ ಕಣ್ಣಿಗೆ ಬಿಳಿಯಾನೆ ಬಿದ್ದರೆ ಕನ್ನಡದ ಹಳೆಯ ಓದುಗನಿಗೆ ಅದು ಶುಭಸೂಚನೆ.

ಹೆಮಿಂಗ್ವೇ ಜೈನ ಪುರಾಣ ನೋಡಿಕೊಂಡು ಕಥೆ ಬರೆದ ಎಂದು ನಾನು ಹೇಳುತ್ತಿಲ್ಲ, ಅಂಥ ಹುಚ್ಚು ಬೇಡ. ಆದರೆ ಈ ಎರಡು ಅರ್ಥಗಳ ನಡುವಿನ ಬಿರುಕೇ ಈ ಜೋಡಿಯ ನಡುವಿನ ಬಿರುಕು. ಅವನು ಹೊರೆ ಕಾಣುತ್ತಾನೆ. ಅವಳು ಮೊದಲ ನೋಟಕ್ಕೆ ಕಂಡದ್ದು ಚೆಂದ. ‘ವೈಟ್ ಎಲಿಫೆಂಟ್’ ಎಂಬುದನ್ನು ಬಿಳಿಯಾನೆ ಎಂದು ಅನುವಾದಿಸಿದ ಕೂಡಲೇ ಕನ್ನಡದ ಕಥೆ ಒಂದು ಹೆಜ್ಜೆ ಹುಡುಗಿಯ ಕಡೆಗೆ ವಾಲುತ್ತದೆ. ಅದನ್ನು ತಡೆಯಲು ಅಡಿಟಿಪ್ಪಣಿ ಹಾಕುವುದು ಬೇಡವೆಂದೇ ನನ್ನ ಅಭಿಪ್ರಾಯ.

ಗಂಡಸಿನ ಮಾತಿನ ತಂತ್ರ ತಿಳಿಯಲು ಹೆಮಿಂಗ್ವೇಗಿಂತ ಸಾವಿರ ವರ್ಷ ಹಿಂದಕ್ಕೆ ಹೋಗಬಹುದು. ಒಂಬತ್ತನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯನ್ನು, ಅಂದರೆ ಬಾಯಿಮಾತಿನ ಹಿಂದೆ ಸೂಚನೆಯಾಗಿ ಹೊಮ್ಮುವ ಅರ್ಥವನ್ನು, ವಿವರಿಸಲು ಒಂದು ಪ್ರಾಕೃತ ಗಾಹೆ (ಪದ್ಯ) ಎತ್ತಿಕೊಳ್ಳುತ್ತಾನೆ. ಗೋದಾವರಿಯ ದಂಡೆಯ ಪೊದೆಯಲ್ಲಿ ನಲ್ಲನನ್ನು ಕಾಣುವ ಹೆಣ್ಣೊಬ್ಬಳು, ಅಲ್ಲಿಗೆ ಸುಳಿಯುವ ಸಾಧುವಿಗೆ ಹೇಳುತ್ತಾಳೆ: ಇನ್ನು ನಿಶ್ಚಿಂತೆಯಾಗಿ ಓಡಾಡಿ, ನಿಮ್ಮನ್ನು ಕಾಡುತ್ತಿದ್ದ ಆ ನಾಯಿಯನ್ನು ಅಲ್ಲೇ ಇರುವ ಸಿಂಹ ಕೊಂದುಹಾಕಿತು. ಬಾಯಿಮಾತಿಗೆ ಅನುಮತಿ, ಒಳಗೆ ನಿಷೇಧ. ನಾಯಿಗೆ ಹೆದರುವವನು ಸಿಂಹವಿದ್ದಲ್ಲಿಗೆ ಹೋದಾನೆಯೇ?

ಎಬ್ರೊ ದಂಡೆಯ ಗಂಡಸು ಇದನ್ನೇ ತಿರುಗಿಸಿ ಆಡುತ್ತಾನೆ. ನಿನಗೆ ಇಷ್ಟವಿಲ್ಲದಿದ್ದರೆ ಬೇಡ ಎಂಬುದನ್ನು ನಾಲ್ಕೈದು ಸಲ ನಾನಾ ರೂಪದಲ್ಲಿ ಹೇಳುತ್ತಾನೆ, ನಡುನಡುವೆ ಅದರ ಬಾಲಕ್ಕೆ ‘ಆದರೆ ಬಲು ಸುಲಭ’ ಎಂದು ಸಿಕ್ಕಿಸುತ್ತಾನೆ. ಬಾಯಿಮಾತಿಗೆ ಬೇಡ, ಒಳಗೆ ಮಾಡು. ಒಂದು ಸಲ ಹೇಳಿದ್ದರೆ ಅದು ಸ್ವಾತಂತ್ರ್ಯವಾಗುತ್ತಿತ್ತು. ನಾಲ್ಕನೆಯ ಸಲಕ್ಕೆ ಅದು ಒತ್ತಾಯ. ಅವಳು ಇದನ್ನು ಹಿಡಿಯುವ ರೀತಿ ನೋಡಿ: ಸರಿ, ಮಾಡಿಸಿಕೊಳ್ತೀನಿ, ನನ್ನ ಬಗ್ಗೆ ನನಗೇನೂ ಇಲ್ಲ ಎನ್ನುತ್ತಾಳೆ. ಅವನಿಗೆ ಬೇಕಾದ ಉತ್ತರವೇ ಅದು, ಆದರೆ ಅವನು ತೆಗೆದುಕೊಳ್ಳಲಾರದ ರೂಪದಲ್ಲಿದೆ. ಹಾಗೆ ಅನ್ನಿಸುವುದಾದರೆ ಮಾಡಿಸಬೇಡ ಎಂದು ತಡವರಿಸುತ್ತಾನೆ. ಅವನಿಗೆ ಬರೀ ಒಪ್ಪಿಗೆ ಸಾಲದು, ಸಂತೋಷದಿಂದ ಒಪ್ಪಿದಳು ಎಂಬ ರಸೀದಿಯೂ ಬೇಕು. ಅವಳು ಎದ್ದು ಬಿಸಿಲಿಗೆ ನಡೆಯುವುದು ಆಗಲೇ.

ಈ ಕಥೆಯನ್ನು ಕನ್ನಡಕ್ಕೆ ತರುವವರು ಎಡವುವ ಕೆಲವು ಜಾಗಗಳಿವೆ. ಇಂಗ್ಲಿಷಿನ ‘ಇಟ್’ ಒಮ್ಮೆ ಆಪರೇಷನ್, ಒಮ್ಮೆ ಮಗು, ಒಮ್ಮೆ ಪ್ರೀತಿ, ಒಮ್ಮೆ ಇಡೀ ಬದುಕು. ಕನ್ನಡದ ವಾಕ್ಯದಲ್ಲಿ ‘ಅದು’ ಸುಮ್ಮನೆ ಬಿದ್ದುಹೋಗುತ್ತದೆ. ‘ಮಾಡಿಸಿಕೋ’ ಎಂದರೆ ಸಾಕು. ಪ್ರತಿ ಸಲ ಅದನ್ನು ಅಂಟಿಸಿದರೆ ಮಾತು ಕೃತಕವಾಗುತ್ತದೆ, ಎಲ್ಲ ಕಡೆ ಬಿಟ್ಟರೆ ಆ ಜಾರುವ ಆಟ ಸಿಗದು. ಮುಖ್ಯ ಜಾಗಗಳಲ್ಲಿ ಮಾತ್ರ ಉಳಿಸಿಕೊಳ್ಳುವುದು ಮೇಲು. ನಮ್ಮಲ್ಲಿ ಇದಕ್ಕೆ ಮನೆಮಾತಿನ ಪದ ‘ತೆಗೆಸು’. ಏನನ್ನು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಹೆಮಿಂಗ್ವೇ ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಕನ್ನಡ ಒಂದೇ ಕ್ರಿಯಾಪದದಲ್ಲಿ ಮುಚ್ಚಿಟ್ಟಿದೆ. ಆದರೆ ಮೊದಲಲ್ಲೇ ಅದನ್ನು ಬಳಸಿದರೆ ಓದುಗನಿಗೆ ಗುಟ್ಟು ಬಯಲು. ಒಮ್ಮೆ ಅವರು ತೆಗೆದುಕೊಂಡು ಹೋದರೆ ಮತ್ತೆ ಸಿಗುವುದಿಲ್ಲ ಎಂದು ಹುಡುಗಿ ಹೊಲ ನೋಡುತ್ತ ಹೇಳುವ ಜಾಗಕ್ಕೆ ಆ ಧಾತುವನ್ನು ಕಾದಿರಿಸಬೇಕು. ಅಲ್ಲಿ ಅದು ಮೂಲಕ್ಕಿಂತ ಆಳಕ್ಕಿಳಿಯುತ್ತದೆ.

ಅವನು ಅವಳನ್ನು ‘ಜಿಗ್’ ಎಂದು ಕರೆಯುವುದು ಎರಡೇ ಸಲ, ಎರಡೂ ಸಲ ಆಪರೇಷನ್ನಿಗೆ ಪುಸಲಾಯಿಸುವಾಗ. ಹೆಸರು ಇಲ್ಲಿ ಬೆಣ್ಣೆ. ಕನ್ನಡದಲ್ಲಿ ಆ ಕೆಲಸ ಮಾಡುವುದು ‘ಕಣೆ’: ಅದೇನೂ ದೊಡ್ಡದಲ್ಲ ಕಣೆ. ಹಾಗಾಗಿ ಬೇರೆಲ್ಲೂ ಅವನ ಬಾಯಲ್ಲಿ ‘ಕಣೆ’ ಬರಬಾರದು. ಅವನಿಗಂತೂ ಹೆಸರೇ ಇಲ್ಲ. (ಇದೇ ಲೇಖಕನ ‘ಕ್ಯಾಟ್ ಇನ್ ದ ರೇನ್’ನಲ್ಲಿ ಲೆಕ್ಕ ತಲೆಕೆಳಗು: ಹಾಸಿಗೆಯಲ್ಲಿ ಬಿದ್ದುಕೊಂಡು ಪುಸ್ತಕ ಓದುವ ಗಂಡನಿಗೆ ಜಾರ್ಜ್ ಎಂಬ ಹೆಸರಿದೆ, ಬೆಕ್ಕು ಬೇಕೆಂದು ಮಳೆಗೆ ಇಳಿಯುವ ಹೆಂಡತಿಗಿಲ್ಲ.)

ಇನ್ನು ಆ ಏಳು ‘ಪ್ಲೀಸ್’. ಮಾತು ನಿಲ್ಲಿಸು ಎನ್ನಲು ಅವಳು ಏಳು ಸಲ ಪ್ಲೀಸ್ ಎನ್ನುತ್ತಾಳೆ. ಏಳು ಸಲ ‘ದಯವಿಟ್ಟು’ ಎಂದು ಬರೆದರೆ ಬಸ್‌ಸ್ಟ್ಯಾಂಡಿನ ಪ್ರಕಟಣೆ ಕೇಳಿದ ಹಾಗಾಗುತ್ತದೆ. ಜಗಳದಲ್ಲಿ ಯಾರೂ ದಯವಿಟ್ಟು ಎನ್ನುವುದಿಲ್ಲ. ‘ನಿನ್ನ ದಮ್ಮಯ್ಯ’ ಎನ್ನುತ್ತಾರೆ, ‘ಕೈ ಮುಗೀತೀನಿ’ ಎನ್ನುತ್ತಾರೆ. ದಮ್ಮಯ್ಯ, ದಮ್ಮಯ್ಯ ಎಂದು ಏಳು ಸಲ ಒಂದೇ ಉಸಿರಿಗೆ ಬರಬೇಕು, ನಡುವೆ ಅಲ್ಪವಿರಾಮವೂ ಇಲ್ಲದೆ. ಮೂಲದಲ್ಲೂ ಇಲ್ಲ.

ಬಾರಿನೊಳಗೆ ಕೂತ ಜನ ರೈಲಿಗಾಗಿ ‘ರೀಸನಬ್ಲಿ’ ಕಾಯುತ್ತಿದ್ದರು ಎಂಬ ಪದ ಇಡೀ ಕಥೆಯ ಅತ್ಯಂತ ಬೆಲೆಬಾಳುವ ಕ್ರಿಯಾವಿಶೇಷಣ. ಅಲ್ಲಿಯವರೆಗೆ ಕ್ಯಾಮರಾದ ಹಾಗಿದ್ದ ನಿರೂಪಣೆ ಒಂದು ಕ್ಷಣ ಗಂಡಸಿನ ತಲೆಯೊಳಗೆ ಜಾರುತ್ತದೆ. ಇವರೆಲ್ಲ ಎಷ್ಟು ಬುದ್ಧಿಯಿಂದ ಇದ್ದಾರೆ, ಹೊರಗಿರುವವಳು ಮಾತ್ರ ಹೀಗೆ! ‘ತಾಳ್ಮೆಯಿಂದ’ ಎಂದು ಅನುವಾದಿಸಿದರೆ ಆ ದೂರು ಕಾಣೆಯಾಗುತ್ತದೆ. ‘ಬುದ್ಧಿವಂತರ ಹಾಗೆ’ ಎಂದರೆ ಸ್ವಲ್ಪ ಹತ್ತಿರ.

ಕಥೆ ಬರೆಯುವವರು ಇದರಿಂದ ಕದಿಯಬಹುದಾದ ಕಸುಬು ಬಹಳವಿದೆ. 1958ರ ಒಂದು ಸಂದರ್ಶನದಲ್ಲಿ ಹೆಮಿಂಗ್ವೇ ಈ ಕಥೆಯ ಹುಟ್ಟನ್ನು ಹೇಳಿದ್ದಾನೆ: ಊಟಕ್ಕೆ ಮುಂಚೆ ಆಯಿಸ್ಟರ್ (ಸಿಂಪಿ) ತಿನ್ನಲು ಹೋದಲ್ಲಿ ಒಬ್ಬ ಹುಡುಗಿ ಸಿಕ್ಕಳು, ಅವಳಿಗೆ ಗರ್ಭಪಾತವಾಗಿದ್ದು ಅವನಿಗೆ ಗೊತ್ತಿತ್ತು, ಇಬ್ಬರೂ ಮಾತಾಡಿದರು, ಆದರೆ ಅದರ ಬಗ್ಗೆ ಅಲ್ಲ. ದಾರಿಯಲ್ಲಿ ಕಥೆ ಹೊಳೆಯಿತು, ಊಟ ಬಿಟ್ಟು ಮಧ್ಯಾಹ್ನವೆಲ್ಲ ಕೂತು ಬರೆದ. ‘ಅದರ ಬಗ್ಗೆ ಅಲ್ಲ’ ಎಂಬಲ್ಲೇ ಪಾಠವಿದೆ. ಮುಚ್ಚಿಟ್ಟ ವಿಷಯ ಇಬ್ಬರಿಗೂ ಚೆನ್ನಾಗಿ ಗೊತ್ತಿರಬೇಕು, ಲೇಖಕನಿಗಂತೂ ಗೊತ್ತಿರಲೇಬೇಕು. ಬರಹವೂ ಸಮುದ್ರದ ಮಂಜುಗಡ್ಡೆಯ ಹಾಗೆ, ನೀರ ಮೇಲೆ ಕಾಣುವುದು ಎಂಟರಲ್ಲಿ ಒಂದು ಭಾಗ ಎಂದು ಅವನು 1932ರಲ್ಲಿ ಬರೆದಾಗ ಸೇರಿಸಿದ ಎಚ್ಚರಿಕೆಯನ್ನು ಜನ ಮರೆಯುತ್ತಾರೆ: ತನಗೇ ತಿಳಿಯದ್ದನ್ನು ಬಿಟ್ಟರೆ ಬರಹದಲ್ಲಿ ಬರೀ ತೂತು ಉಳಿಯುತ್ತದೆ.

ನಮ್ಮ ಹೊಸ ಕಥೆಗಳಲ್ಲಿ ಗಂಡ ಹೆಂಡತಿ ಮಾತು ಬಿಟ್ಟ ಕೂಡಲೇ ಹೊರಗೆ ಗುಡುಗುತ್ತದೆ, ಲೋಟ ಒಡೆಯುತ್ತದೆ, ಮಲ್ಲಿಗೆ ಬಾಡುತ್ತದೆ. ಆ ಲೋಟದಲ್ಲಿ ಯಾರೂ ಏನೂ ಕುಡಿದಿರುವುದಿಲ್ಲ, ಒಡೆಯಲೆಂದೇ ಬಂದಿರುತ್ತದೆ. ಲೋಟ ಮೊದಲ ಪುಟದಲ್ಲಿ ಕಾಫಿ ಹಿಡಿದಿರಲಿ. ಎರಡನೆಯ ಸಲ ಅದನ್ನು ಇನ್ನೊಬ್ಬರು ಮುಟ್ಟಲಿ. ಮೂರನೆಯ ಸಲ ಬಂದಾಗ ಅದು ಮೊದಲಿದ್ದ ಹಾಗೇ ಇದ್ದರೂ ಪರವಾಗಿಲ್ಲ, ಅದರ ಅರ್ಥ ಕದಲಿರುತ್ತದೆ. ಪರೀಕ್ಷೆ ಸುಲಭ: ಆ ವಸ್ತುವನ್ನು ದೃಶ್ಯದಿಂದ ತೆಗೆದುಹಾಕಿ ನೋಡಿ. ಪಾತ್ರಗಳ ಕೆಲಸ ನಿಂತರೆ ವಸ್ತು ಬೇರೂರಿದೆ. ಅರ್ಥ ಮಾತ್ರ ಹೋಗಿ ಕೆಲಸ ನಡೆಯುತ್ತಿದ್ದರೆ ಅದು ಅಲಂಕಾರಕ್ಕೆ ತಂದಿಟ್ಟದ್ದು.

ಹೆಮಿಂಗ್ವೇಯ ಪೆಟ್ಟಿಗೆಗಳನ್ನು ನೋಡಿ. ಗೋಡೆಗೆ ಒರಗಿಸಿಟ್ಟ ಎರಡು ಭಾರದ ಪೆಟ್ಟಿಗೆ, ಇಬ್ಬರೂ ರಾತ್ರಿ ಕಳೆದ ಹೋಟೆಲುಗಳ ಚೀಟಿಗಳೆಲ್ಲ ಅವುಗಳ ಮೈಮೇಲೆ. ಅವಳ ದಮ್ಮಯ್ಯ ಮುಗಿದ ಮೇಲೆ ಅವನು ಮಾತಾಡದೆ ಆ ಚೀಟಿಗಳನ್ನು ನೋಡುತ್ತಾನೆ. ತಾನು ಏನು ಕಳೆದುಕೊಳ್ಳುತ್ತೇನೆಂದು ಅವನು ಬಾಯಿಬಿಟ್ಟು ಹೇಳಿದ್ದರೆ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಆಮೇಲೆ ಅವನ್ನು ಎತ್ತಿಕೊಂಡು ಸುತ್ತು ಹಾಕಿ ಆಚೆ ಹಳಿಯ ಬಳಿ ಇಡುತ್ತಾನೆ. ಆಚೆ ಎಂದರೆ ಹೊಲದ ಪಕ್ಕ! ಅವನು ಸೋತ, ಮಗು ಉಳಿಯಿತು ಎಂದು ಇದನ್ನೇ ಹಿಡಿದು ವಾದಿಸಿದವರಿದ್ದಾರೆ. ಮ್ಯಾಡ್ರಿಡ್ ರೈಲು ಬರುವುದು ಆ ಹಳಿಗೆ, ಅಷ್ಟೇ, ಎಂದವರೂ ಇದ್ದಾರೆ. ಅವಳು ಅವನನ್ನೇ ಬಿಟ್ಟು ಹೋಗುತ್ತಾಳೆ ಎನ್ನುವವರು ಅವಳ ನಗುವನ್ನು ತೋರಿಸುತ್ತಾರೆ. ನನಗೆ ಮೂರನೆಯದು ಹೆಚ್ಚು ಒಪ್ಪುತ್ತದೆ, ಆದರೆ ಸಾಬೀತು ಮಾಡಲಾರೆ. ವಾಪಸು ಬರುವಾಗ ಅವನು ಬಾರಿನೊಳಗೆ ಒಬ್ಬನೇ ನಿಂತು ಒಂದು ಅನಿಸ್ ಕುಡಿಯುತ್ತಾನೆ. ಅಲ್ಲಿಯವರೆಗೆ ಕುಡಿದದ್ದೆಲ್ಲ ಜೋಡಿಯಾಗಿ: ಎರಡು ಬಿಯರ್, ಎರಡು ಅನಿಸ್, ಮತ್ತೆರಡು ಬಿಯರ್. ಎಲ್ಲಕ್ಕೂ ಜ್ಯೇಷ್ಠಮಧುವಿನ ರುಚಿ ಎಂದು ಅವಳು ದೂರಿದ್ದ ಆ ಅನಿಸ್ ಈಗ ಒಂಟಿ ಲೋಟ.

ಪರದೆ ಸರಿಸಿ ಹೊರಗೆ ಬಂದು, ಈಗ ಹೇಗಿದೆ ಎಂದು ಕೇಳುತ್ತಾನೆ. ಅವಳ ಉತ್ತರವೇ ಕೊನೆಯ ಸಾಲು. ಕನ್ನಡದಲ್ಲಿ ಇದಕ್ಕೊಂದು ಪ್ರಲೋಭನೆ ಇದೆ: ‘ಚೆನ್ನಾಗೇ ಇದ್ದೀನಿ, ನನಗೇನಾಗಿದೆ?’ ಎಂದು ಬರೆಯಲು ಕೈ ತುರಿಸುತ್ತದೆ. ಆ ಒಂದು ‘ಏ’ಕಾರದಲ್ಲಿ ಮುನಿಸು, ವ್ಯಂಗ್ಯ, ಬೇಸರ ಎಲ್ಲ ಹೊರಗೆ ಚೆಲ್ಲಿಬಿಡುತ್ತದೆ. ಮೂಲದಲ್ಲಿ ಅವಳು ಚೆಲ್ಲುವುದಿಲ್ಲ. ನಗುತ್ತಾಳೆ, ಸಪಾಟಾಗಿ ಹೇಳುತ್ತಾಳೆ. ‘ಚೆನ್ನಾಗಿದ್ದೀನಿ. ನನಗೇನೂ ಆಗಿಲ್ಲ. ಚೆನ್ನಾಗಿದ್ದೀನಿ.’